4.75 ಸ್ಟಾರ್‌ನ ಸಾಕ್ಷಿ

2021ರ ಮಾರ್ಚ್ 9, ಮಂಗಳವಾರ. ಎಲೆಕ್ಟ್ರಾನಿಕ್ ಸಿಟಿ ಪೊಲೀಸ್ ಠಾಣೆಯ ಸರಹದ್ದಿನಲ್ಲಿ ವಾಸವಿದ್ದ ಯುವತಿಯೊಬ್ಬರು ಮಧ್ಯಾಹ್ನ ಜೊಮ್ಯಾಟೊದಲ್ಲಿ ಊಟ ಆರ್ಡರ್ ಮಾಡಿದರು. ಹೇಳಿದ ಹೊತ್ತಿಗೆ ಊಟ ಬರಲಿಲ್ಲ. ಅವರು ಕಂಪನಿಯ ಕಸ್ಟಮರ್ ಕೇರ್‌ ಜೊತೆ ಮಾತಿಗೆ ಕೂತರು: ತಡವಾಗಿದೆ, ಒಂದೋ ದುಡ್ಡು ತೆಗೆದುಕೊಳ್ಳಬೇಡಿ, ಇಲ್ಲವೇ ಆರ್ಡರ್ ಕ್ಯಾನ್ಸಲ್ ಮಾಡಿ. ಆ ವ್ಯವಹಾರ ಇತ್ಯರ್ಥವಾಗುವ ಮೊದಲೇ ಊಟದ ಪೊಟ್ಟಣ ಹಿಡಿದ ಯುವಕ ಬಾಗಿಲಿಗೆ ಬಂದರು. ಸ್ವಲ್ಪ ಇರಿ, ಕಂಪನಿಯವರ ಜೊತೆ ಮಾತಾಡುತ್ತಿದ್ದೇನೆ ಎಂದು ಅವರನ್ನು ನಿಲ್ಲಿಸಿಕೊಂಡದ್ದಾಯಿತು.

ಇಲ್ಲಿಂದ ಮುಂದೆ ಕಥೆ ಎರಡಾಗಿ ಒಡೆಯುತ್ತದೆ. ಯುವತಿ ಹೇಳಿದ್ದು: ಕಾಯಲು ಒಪ್ಪದೆ ಆತ ಜೋರು ಮಾಡಿದರು, ಬಾಗಿಲು ತಳ್ಳಿದರು, ಮೂಗಿಗೆ ಗುದ್ದಿ ಓಡಿಹೋದರು. ಯುವಕ ಹೇಳಿದ್ದು: ಟ್ರಾಫಿಕ್ಕು, ಕೆಟ್ಟ ರಸ್ತೆ, ಹಾಗಾಗಿ ತಡವಾಯಿತೆಂದು ಕ್ಷಮೆ ಕೇಳಿದೆ, ಅವರು ಊಟ ಇಟ್ಟುಕೊಂಡು ದುಡ್ಡು ಕೊಡಲಿಲ್ಲ, ಬೈದರು, ಚಪ್ಪಲಿಯಲ್ಲಿ ಹೊಡೆದರು, ನಾನು ತಡೆಯಲು ಹೋದಾಗ ಅವರದೇ ಕೈಯ ಉಂಗುರ ಅವರ ಮೂಗಿಗೆ ತಾಗಿತು. ಮೂಗಿನಿಂದ ರಕ್ತ ಸುರಿಯುತ್ತಿದ್ದ ವಿಡಿಯೊವನ್ನು ಯುವತಿ ಜಾಲತಾಣಕ್ಕೆ ಹಾಕಿದರು. ಮರುದಿನವೇ ಯುವಕನ ಬಂಧನವಾಯಿತು. ಜಾಮೀನಿನ ಮೇಲೆ ಹೊರಬಂದ ಅವರು ಮಾರ್ಚ್ 15ರಂದು ಕೊಟ್ಟ ದೂರಿನ ಮೇಲೆ ಯುವತಿಯ ವಿರುದ್ಧವೂ ಎಫ್‌ಐಆರ್ ದಾಖಲಾಯಿತು. ಐಪಿಸಿ 355, 504, 506. ಅಂದರೆ ಅವಮಾನಿಸುವ ಉದ್ದೇಶದ ಹಲ್ಲೆ, ಉದ್ದೇಶಪೂರ್ವಕ ನಿಂದನೆ, ಬೆದರಿಕೆ.

ಈ ಆರು ದಿನಗಳಲ್ಲಿ ದೇಶದ ಜನ ಎರಡು ಸಲ ತೀರ್ಪು ಕೊಟ್ಟರು. ಮೊದಲ ಎರಡು ದಿನ ಯುವಕ ರಾಕ್ಷಸ. ಕ್ಯಾಮೆರಾ ಮುಂದೆ ಅವರು ಕಣ್ಣೀರು ಹಾಕಿದ್ದೇ ತಡ, ಯುವತಿ ರಾಕ್ಷಸಿ. ಹಿಂದಿ ಚಿತ್ರನಟಿಯೊಬ್ಬರೂ ಸತ್ಯ ಹೊರಗೆ ಬರಲಿ ಎಂದು ಟ್ವೀಟ್ ಮಾಡಿದರು. ಮೊದಲ ದಿನ ಗಂಡಸಿನ ಜಾತಿಯನ್ನೇ ಜಾಲಾಡಿದವರು, ಐದನೆಯ ದಿನ ಆಕೆಯ ಉಡುಪು, ವೃತ್ತಿ, ಮೇಕಪ್ಪನ್ನು ಜಾಲಾಡಿದರು. ಬಾಗಿಲ ಬಳಿ ಇಬ್ಬರಲ್ಲಿ ಯಾರು ಎಷ್ಟು ಒರಟಾಗಿ ನಡೆದುಕೊಂಡಿದ್ದರೋ, ನೋಡುತ್ತ ಕೂತವರು ಅದರ ಹತ್ತು ಪಟ್ಟು ಒರಟಾಗಿದ್ದರು. ಅವರ ಮೇಲೆ ಯಾವ ಸೆಕ್ಷನ್ನೂ ಬೀಳಲಿಲ್ಲ.

ಯಾರು ಹೊಡೆದರು ಎಂಬುದು ಪೊಲೀಸರ, ನ್ಯಾಯಾಲಯದ ಪ್ರಶ್ನೆ. ನನ್ನ ಪ್ರಶ್ನೆ ಅದಕ್ಕಿಂತ ಸ್ವಲ್ಪ ಹಿಂದಿನ ಗಳಿಗೆಯದು. ಇಬ್ಬರೂ ಒಪ್ಪುವ ಒಂದೇ ಒಂದು ಸಂಗತಿ ಅಲ್ಲಿದೆ: ಬಾಗಿಲಿನ ಆಚೆ ಒಬ್ಬ ಮನುಷ್ಯ ಪೊಟ್ಟಣ ಹಿಡಿದು ನಿಂತಿದ್ದಾರೆ, ಈಚೆ ಇನ್ನೊಬ್ಬರು ಫೋನಿನಲ್ಲಿ ಮೂರನೆಯವರ ಜೊತೆ ಚೌಕಾಸಿ ಮಾಡುತ್ತಿದ್ದಾರೆ. ಜಗಳ ಕಂಪನಿಯ ಮೇಲೆ. ಹಿಡಿದಿಟ್ಟುಕೊಂಡದ್ದು ಕಂಪನಿಯ ಟೀಶರ್ಟ್ ಹಾಕಿಕೊಂಡವರನ್ನು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬುದು ಹಳೆಯ ಗಾದೆ. ಆದರೆ ಗಾದೆಯ ಅತ್ತೆ ಅದೇ ಮನೆಯಲ್ಲಿ ಇರುತ್ತಾಳೆ, ಧೈರ್ಯ ಬಂದ ದಿನ ಅವಳನ್ನೇ ಕೇಳಬಹುದು. ಇಲ್ಲಿ ಅತ್ತೆಗೆ ಮುಖವಿಲ್ಲ. ಚಾಟ್ ಪೆಟ್ಟಿಗೆಯಲ್ಲಿ ಒಂದು ಹೆಸರು ಮೂಡುತ್ತದೆ, ನಿಮ್ಮ ತೊಂದರೆಗೆ ವಿಷಾದಿಸುತ್ತೇವೆ ಎನ್ನುತ್ತದೆ, ಮಾಯವಾಗುತ್ತದೆ.

ತಡವಾಗಲು ಕಾರಣಗಳೇನು? ಹೋಟೆಲಿನ ಅಡುಗೆಮನೆಯಲ್ಲಿ ಆರ್ಡರ್ ಎತ್ತಿಕೊಳ್ಳುವುದು ತಡವಾಗಿರಬಹುದು. ಒಬ್ಬರ ಕೈಗೆ ಎರಡು ಆರ್ಡರ್ ಕಟ್ಟಿ ಕಳಿಸಿರಬಹುದು. ಹೊಸೂರು ರಸ್ತೆಯನ್ನು ಬಲ್ಲವರಿಗೆ ಉಳಿದದ್ದನ್ನು ಹೇಳಬೇಕಿಲ್ಲ. 2021ರಲ್ಲಿ ಆ ರಸ್ತೆಯ ಉದ್ದಕ್ಕೂ ಮೆಟ್ರೊ ಹಳದಿ ಮಾರ್ಗದ ಕೆಲಸ ನಡೆಯುತ್ತಿತ್ತು, ರೈಲು ಓಡಿದ್ದು 2025ರ ಆಗಸ್ಟ್‌ನಲ್ಲಿ. ಇಷ್ಟರಲ್ಲಿ ಒಂದೂ ಬೈಕಿನಲ್ಲಿ ಬಂದವರ ಕೈಯಲ್ಲಿಲ್ಲ. ದುಡ್ಡು ಬಿಡುವುದೋ ಕ್ಯಾನ್ಸಲ್ ಮಾಡುವುದೋ ಅದೂ ಅವರ ಕೈಯಲ್ಲಿಲ್ಲ. ತಪ್ಪನ್ನೂ ಮಾಡದ, ತಪ್ಪನ್ನು ತಿದ್ದಲೂ ಆಗದ ಒಬ್ಬರನ್ನೇ ಇಡೀ ವ್ಯವಸ್ಥೆ ಹುಡುಕಿ ನಮ್ಮ ಬಾಗಿಲಿಗೆ ಕಳಿಸುತ್ತದೆ. ನಾವು ಕಾಣುವ ಏಕೈಕ ಮುಖ ಅದು. ಸಿಟ್ಟಿಗೆ ಮುಖ ಬೇಕೇ ಬೇಕು.

ಅದಿರಲಿ. ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಹೊಡೆತವಲ್ಲ, ಒಂದು ಅಂಕಿ. ಮಾರ್ಚ್ 12ರಂದು ಜೊಮ್ಯಾಟೊದ ಸ್ಥಾಪಕ ದೀಪಿಂದರ್ ಗೋಯಲ್ ಒಂದು ಹೇಳಿಕೆ ಕೊಟ್ಟರು. ಯುವತಿಯ ಚಿಕಿತ್ಸೆಯ ವೆಚ್ಚ ಭರಿಸುತ್ತೇವೆ. ಯುವಕನನ್ನು ನಿಯಮದಂತೆ ತಾತ್ಕಾಲಿಕವಾಗಿ ಕೆಲಸದಿಂದ ಇಳಿಸಿದ್ದೇವೆ, ಆದರೂ ಈ ಅವಧಿಯ ಸಂಪಾದನೆ ಕೊಡುತ್ತೇವೆ, ವಕೀಲರ ಖರ್ಚೂ ನಮ್ಮದೇ ಎಂದರು. ಕಂಪನಿಗಳ ಹೇಳಿಕೆಗಳ ಮಟ್ಟಕ್ಕೆ ಇದು ತಕ್ಕಮಟ್ಟಿಗೆ ಸಭ್ಯವಾದದ್ದೇ. ಅದರ ಜೊತೆಗೆ ಇನ್ನೊಂದು ಮಾತಿತ್ತು: ಈ ಯುವಕ 26 ತಿಂಗಳಿಂದ ನಮ್ಮಲ್ಲಿದ್ದಾರೆ, 5,000 ಡೆಲಿವರಿ ಮಾಡಿದ್ದಾರೆ, ಇವರ ರೇಟಿಂಗ್ ಐದಕ್ಕೆ 4.75.

ಗಾಳಿ ತಿರುಗಿದ್ದರಲ್ಲಿ ಆ ಅಂಕಿಯ ಪಾಲು ದೊಡ್ಡದು. ಅಷ್ಟು ಸ್ಟಾರ್ ಇರುವವನು ಹೊಡೆದಾನೆಯೇ ಎಂದು ಜನ ಕೇಳತೊಡಗಿದರು. ಒಂದು ಗಳಿಗೆ ಯೋಚಿಸಿ ನೋಡಿ. ಹಳ್ಳಿಯಲ್ಲಿ ಒಬ್ಬರ ನಡತೆಗೆ ಸಾಕ್ಷಿ ಹೇಳುತ್ತಿದ್ದವರು ಅಕ್ಕಪಕ್ಕದವರು, ಸಾಲ ಕೊಟ್ಟವರು, ಜೊತೆಯಲ್ಲಿ ದುಡಿದವರು. ಇಲ್ಲಿ ಸಾಕ್ಷಿ ಹೇಳಿದವರು ಬಾಗಿಲು ಅರ್ಧ ತೆರೆದು ಪೊಟ್ಟಣ ಈಸಿಕೊಂಡು, ಮುಖ ಕೂಡ ನೋಡದೆ, ಆಮೇಲೆ ಸೋಫಾದಲ್ಲಿ ಕೂತು ಹೆಬ್ಬೆರಳಿನಿಂದ ಸ್ಟಾರ್ ಒತ್ತಿದ ಸಾವಿರಾರು ಅಪರಿಚಿತರು. ಬಿರಿಯಾನಿ ಬಿಸಿಯಾಗಿದ್ದರೆ ಐದು, ಆರಿದ್ದರೆ ಮೂರು. ಆ ಬಿರಿಯಾನಿಯ ಬಿಸಿ ಕೊನೆಗೆ ಒಬ್ಬ ಮನುಷ್ಯನ ಶೀಲಕ್ಕೆ ಪ್ರಮಾಣಪತ್ರವಾಯಿತು.

ಪ್ರಮಾಣಪತ್ರ ಅವರ ಪರವಾಗಿ ಬಂತು, ಸಂತೋಷ. ಆದರೆ ಅವರ ರೇಟಿಂಗ್ 3.9 ಆಗಿದ್ದಿದ್ದರೆ? ಆ ಮಧ್ಯಾಹ್ನ ಬಾಗಿಲ ಬಳಿ ನಡೆದದ್ದು ಒಂದು ಕೂದಲೆಳೆಯಷ್ಟೂ ಬದಲಾಗುತ್ತಿರಲಿಲ್ಲ. ಬದಲಾಗುತ್ತಿದ್ದದ್ದು ನಮ್ಮ ನಂಬಿಕೆ ಮಾತ್ರ. ಕಂಪನಿಯ ಹೇಳಿಕೆಯಲ್ಲಿ ಆ ಸಾಲು ಬಹುಶಃ ಇರುತ್ತಿರಲಿಲ್ಲ. ಇನ್ನೂ ಒಂದು: ಊಟ ತರಿಸಿದವರ ರೇಟಿಂಗ್ ಎಷ್ಟೆಂದು ಆ ಹೇಳಿಕೆ ಹೇಳಲಿಲ್ಲ. ಅಂಥದ್ದೊಂದು ಇರಬೇಕೆಂದು ಯಾರಿಗೂ ಹೊಳೆಯಲೂ ಇಲ್ಲ.

ವೈಟ್‌ಫೀಲ್ಡ್ ಕಡೆಯ ಯಾವುದಾದರೂ ದೊಡ್ಡ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಮಧ್ಯಾಹ್ನ ಅರ್ಧ ಗಂಟೆ ನಿಂತರೆ ಈ ಬಾಗಿಲಿನ ಮೊದಲು ಎಷ್ಟು ಬಾಗಿಲುಗಳಿವೆ ಎಂದು ಗೊತ್ತಾಗುತ್ತದೆ. ಪೊಟ್ಟಣ ತಂದವರು ಬೈಕು ಒಳಗೆ ತರುವಂತಿಲ್ಲ, ರಸ್ತೆ ಬದಿಯಲ್ಲೇ ನಿಲ್ಲಿಸಬೇಕು, ಅಲ್ಲಿ ನಿಲ್ಲಿಸಿದರೆ ಟ್ರಾಫಿಕ್ ಪೊಲೀಸರು ಎತ್ತಿಕೊಂಡು ಹೋದಾರೆಂಬ ಭಯ. ಹೆಲ್ಮೆಟ್ ತೆಗೆದು ಸೆಕ್ಯೂರಿಟಿಯವರ ಮೊಬೈಲಿನ ಮುಂದೆ ಮುಖ ಒಡ್ಡಬೇಕು. ಟವರ್ ಯಾವುದು, ಫ್ಲ್ಯಾಟ್ ಯಾವುದು ಎಂದು ಹೇಳಿದ ಮೇಲೆ ಮೇಲಿನವರ ಫೋನಿಗೆ ಸೂಚನೆ ಹೋಗುತ್ತದೆ. ಮೇಲಿನವರು ಮೀಟಿಂಗಿನಲ್ಲಿರುತ್ತಾರೆ. "ಮೇಡಂ, ಗೇಟಲ್ಲಿದೀನಿ, ಅಪ್ರೂವ್ ಮಾಡಿ ಮೇಡಂ" ಎಂದು ಇವರು ಫೋನ್ ಮಾಡಬೇಕು. ಒಳಗೆ ಹೋದರೆ ಮುಂದಿನ ಲಿಫ್ಟು ನಿವಾಸಿಗಳಿಗೆ, ಹಿಂದಿನ ಸರ್ವಿಸ್ ಲಿಫ್ಟು ಇವರಿಗೆ. ಅದರಲ್ಲಿ ಯಾರದೋ ಮನೆ ಬದಲಾವಣೆಯ ಬೀರು ಸಿಕ್ಕಿಕೊಂಡಿರುತ್ತದೆ. ನಾನು ನೋಡುತ್ತಿದ್ದ ದಿನ ಕಲಬುರಗಿ ಕಡೆಯ ಮಾತಿನ ಒಬ್ಬ ಹುಡುಗ ಎರಡೂ ಕೈಯಲ್ಲಿ ರಟ್ಟಿನ ಪೆಟ್ಟಿಗೆ ಹೊತ್ತು, ಗಲ್ಲ ಮತ್ತು ಭುಜದ ನಡುವೆ ಫೋನ್ ಒತ್ತಿಹಿಡಿದು, ಲಿಫ್ಟಿನ ಗುಂಡಿಯನ್ನು ಮೊಣಕೈಯಿಂದ ಒತ್ತಿದ. ಗುಂಡಿ ಉರಿಯಲಿಲ್ಲ. ಮತ್ತೆ ಒತ್ತಿದ. ಪಕ್ಕದಲ್ಲಿ ನಿವಾಸಿಗಳ ಲಿಫ್ಟು ಬಾಯಿ ತೆರೆದು ಖಾಲಿ ನಿಂತಿತ್ತು. ಅದರ ಕಡೆ ಆತ ನೋಡಲೂ ಇಲ್ಲ.

ಇಷ್ಟೆಲ್ಲ ನಿಮಿಷಗಳಿಗೆ ಅವರಿಗೆ ದುಡ್ಡಿಲ್ಲ. ದುಡ್ಡು ತಲುಪಿಸಿದ ಪೊಟ್ಟಣಕ್ಕೆ. ಆ ಪದ್ಧತಿಯಲ್ಲಿ ಕಾಯುವ ಕಾಲ ಯಾರ ಲೆಕ್ಕದಲ್ಲೂ ಬರುವುದಿಲ್ಲ: ಕಾಯಿಸಿದ ನಮಗೂ ಖರ್ಚಿಲ್ಲ, ಕಂಪನಿಗೂ ಖರ್ಚಿಲ್ಲ. ಖರ್ಚಿಲ್ಲದ್ದನ್ನು ಧಾರಾಳವಾಗಿ ಬಳಸುವುದು ಮನುಷ್ಯ ಸ್ವಭಾವ. ಬಾಗಿಲಿಗೆ ಬಂದವರನ್ನು ನಿಲ್ಲಿಸಿ ಚಿಲ್ಲರೆ ಹುಡುಕುವುದು, ಫೋನ್ ಮಾತು ಮುಗಿಸಿಕೊಂಡು ಬರುವುದು, ಪೆಟ್ಟಿಗೆ ಬಿಚ್ಚಿ ಬಣ್ಣ ಸರಿಯಿದೆಯೇ ಎಂದು ಮಗಳಿಗೆ ತೋರಿಸಲು ಒಳಗೆ ಹೋಗುವುದು, ಇವೆಲ್ಲ ದುಷ್ಟತನವಲ್ಲ. ಬೆಲೆಯಿಲ್ಲದ ವಸ್ತುವಿನ ಬಗ್ಗೆ ಇರುವ ಸಾಮಾನ್ಯ ಅಲಕ್ಷ್ಯ.

ಹಾಗೆಂದು ಬಾಗಿಲಿನ ಈಚೆಗಿನವರ ದೂರುಗಳೆಲ್ಲ ಸುಳ್ಳಲ್ಲ. ಬಡವರ ಪರ ಮಾತಾಡುವ ಉತ್ಸಾಹದಲ್ಲಿ ನಮ್ಮ ಲೇಖಕರು ಇದನ್ನು ಮರೆಯುತ್ತಾರೆ. ಆನ್‌ಲೈನಿನಲ್ಲಿ ತರಿಸಿದ ಸಾಮಾನಿಗಾಗಿ ದಿನವಿಡೀ ಮನೆಯಲ್ಲೇ ಇದ್ದರೂ, ಫೋನ್ ಒಮ್ಮೆಯೂ ಬಡಿಯದಿದ್ದರೂ, ಸಂಜೆ 'ಬಂದಿದ್ದೆವು, ನೀವು ಸಿಗಲಿಲ್ಲ' ಎಂಬ ಸಂದೇಶ ಬರುವುದುಂಟು. ನನಗೂ ಬಂದಿದೆ, ಮೈಯೆಲ್ಲ ಉರಿದಿದೆ. ಅದರ ಹಿಂದಿನ ಕೆಲಸ ತಿಳಿದರೆ ಉರಿ ಕಡಿಮೆಯಾಗುವುದಿಲ್ಲ, ದಿಕ್ಕು ಬದಲಾಗುತ್ತದೆ. ಬೆಳಿಗ್ಗೆ ಚೀಲ ತುಂಬ ಪೊಟ್ಟಣ ಕೊಟ್ಟಿರುತ್ತಾರೆ, ಕತ್ತಲಾದರೂ ಮುಗಿದಿರುವುದಿಲ್ಲ, ಉಳಿದದ್ದನ್ನು ಹಬ್‌ಗೆ ಹಿಂತಿರುಗಿಸಬೇಕಾದರೆ ಫೋನಿನಲ್ಲಿ ಒಂದು ಕಾರಣ ಒತ್ತಲೇಬೇಕು. ಆ ಪಟ್ಟಿಯಲ್ಲಿ 'ಗ್ರಾಹಕರು ಸಿಗಲಿಲ್ಲ' ಇರುತ್ತದೆ, 'ನನ್ನಿಂದ ಆಗಲಿಲ್ಲ' ಇರುವುದಿಲ್ಲ. ಸುಳ್ಳು ಸುಳ್ಳೇ. ಆದರೆ ಸುಳ್ಳಿಗೆ ಗುಂಡಿ ಮಾಡಿಟ್ಟು ಸತ್ಯಕ್ಕೆ ಮಾಡದವರು ಬೇರೆ ಇದ್ದಾರೆ.

ಇನ್ನು ಭಯದ ಮಾತು. ಒಂಟಿಯಾಗಿರುವ ಹೆಂಗಸಿನ ವಿಳಾಸ, ಆಕೆ ಮನೆಯಲ್ಲಿರುವ ಹೊತ್ತು, ಎರಡೂ ಬಾಗಿಲಿಗೆ ಬಂದವರಿಗೆ ಗೊತ್ತು. ಬಂದವರ ಬಗ್ಗೆ ಆಕೆಗೆ ಗೊತ್ತಿರುವುದು ಒಂದು ಹೆಸರು, ಒಂದು ಸಣ್ಣ ಫೋಟೊ. ಬಾಗಿಲು ಅರ್ಧ ಮಾತ್ರ ತೆರೆಯುವುದು ಯಾವಾಗಲೂ ಸೊಕ್ಕಲ್ಲ. 2025ರ ಮೇ ತಿಂಗಳಲ್ಲಿ ಬಸವೇಶ್ವರನಗರದಲ್ಲಿ, ವಿಳಾಸ ತಪ್ಪಾಗಿದೆ ಎಂಬ ಮಾತಿನ ಮೇಲೆ, ದಿನಸಿ ತಂದುಕೊಟ್ಟವರೊಬ್ಬರು ಗ್ರಾಹಕರ ಮೇಲೆ ಕೈಮಾಡಿ ಮುಖಕ್ಕೆ ಪೆಟ್ಟಾಗುವಂತೆ ಹೊಡೆದದ್ದು ಸಿಸಿಟಿವಿಯಲ್ಲಿ ದಾಖಲಾಯಿತು. ಅಲ್ಲಿಯೂ ಮೂಲ ಏನೆಂದು ನೋಡಿ: ಒಂದು ವಿಳಾಸ. ಬೆಂಗಳೂರಿನ ಹೊರವಲಯದಲ್ಲಿ ವಿಳಾಸವೆಂಬುದೇ ಅರ್ಧ ಊಹೆ. ಲೇಔಟಿನಲ್ಲಿ ಮೂರನೇ ಕ್ರಾಸ್ ಎರಡಿರುತ್ತವೆ, ನಕ್ಷೆಯ ಪಿನ್ನು ಸದಾ ಬೀಗ ಹಾಕಿರುವ ಹಿಂದಿನ ಗೇಟಿಗೆ ಚುಚ್ಚಿಕೊಂಡಿರುತ್ತದೆ. ಒಂದು ಸಲ ಕೂತು ಪಿನ್ನನ್ನು ಸರಿಯಾದ ಗೇಟಿಗೆ ಎಳೆದು, 'ನೀರಿನ ಟ್ಯಾಂಕ್ ಎದುರು, ಹಸಿರು ಗೇಟು' ಎಂದು ಎರಡು ಪದ ಸೇರಿಸುವುದರಲ್ಲಿ ಇರುವ ಮರ್ಯಾದೆ, ಬಾಗಿಲಲ್ಲಿ ಹೇಳುವ ಥ್ಯಾಂಕ್ಯೂನಲ್ಲಿ ಇಲ್ಲ. ಥ್ಯಾಂಕ್ಯೂ ಬೇಡವೆಂದಲ್ಲ. ಅದು ಅಗ್ಗ, ಅಷ್ಟೆ.

ಎರಡು ಕೈ ಸೇರಿದರೇ ಚಪ್ಪಾಳೆ ಎಂದು ಎಲೆಕ್ಟ್ರಾನಿಕ್ ಸಿಟಿಯ ಪ್ರಕರಣಕ್ಕೂ ಹಲವರು ಷರಾ ಬರೆದರು. ಸೋಮಾರಿಗಳ ನ್ಯಾಯ ಅದು. ಅಲ್ಲಿ ಮೂರನೆಯ ಕೈಯೊಂದಿತ್ತು. ಇಂತಿಷ್ಟು ನಿಮಿಷದಲ್ಲಿ ತರುತ್ತೇವೆ ಎಂದು ಮಾತು ಕೊಟ್ಟದ್ದು ಅದೇ, ದೂರು ಬಂದಾಗ ಚಾಟ್‌ನಲ್ಲಿ ಕಾಯಿಸಿದ್ದೂ ಅದೇ. ನಿಮಿಷದ ಈ ಹುಚ್ಚು ಆಮೇಲೆ ಇನ್ನೂ ಏರಿತು. 2025ರ ಡಿಸೆಂಬರ್ 31ರಂದು, ಆರ್ಡರ್‌ಗಳು ಉಕ್ಕುವ ದಿನವೇ, ಡೆಲಿವರಿ ಕೆಲಸಗಾರರ ಸಂಘಟನೆಗಳು ದೇಶವ್ಯಾಪಿ ಮುಷ್ಕರಕ್ಕೆ ಕರೆಕೊಟ್ಟವು. ಹತ್ತು ನಿಮಿಷದ ಡೆಲಿವರಿ ನಿಲ್ಲಿಸಿ ಎಂಬುದು ಅವರ ಬೇಡಿಕೆಗಳಲ್ಲೊಂದು. ಮುಂದಿನ ತಿಂಗಳು ಕೇಂದ್ರ ಕಾರ್ಮಿಕ ಸಚಿವರು ಕಂಪನಿಗಳ ಜೊತೆ ಮಾತಾಡಿದ ಮೇಲೆ ದಿನಸಿ ತಲುಪಿಸುವ ಬ್ಲಿಂಕಿಟ್ ತನ್ನ ಜಾಹೀರಾತಿನಿಂದ ಹತ್ತು ನಿಮಿಷದ ಮಾತನ್ನು ತೆಗೆದುಹಾಕಿತು. ಜಾಹೀರಾತಿನಿಂದ ತೆಗೆದದ್ದು ನಮ್ಮ ತಲೆಯಿಂದ ಹೋಗಲು ಸಮಯ ಬೇಕು.

ಕರ್ನಾಟಕ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಒಂದು ಕಾಯ್ದೆ ತಂದಿತು. ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಆಗಸ್ಟ್‌ನಲ್ಲಿ ಶಾಸನಸಭೆಯ ಒಪ್ಪಿಗೆ. ಪ್ರತಿ ವ್ಯವಹಾರದಲ್ಲಿ ಕೆಲಸಗಾರರಿಗೆ ಸಲ್ಲುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಂಪನಿ ಕಲ್ಯಾಣ ಶುಲ್ಕ ಕಟ್ಟಬೇಕು, ಅದಕ್ಕೊಂದು ಮಂಡಳಿ. ಕೆಲಸದಿಂದ ತೆಗೆಯಬೇಕಾದರೆ ಕಾರಣ ಬರೆದುಕೊಟ್ಟು 14 ದಿನ ಮೊದಲು ನೋಟಿಸ್ ಕೊಡಬೇಕು. ಕೆಲಸ ಹಂಚುವ, ರೇಟಿಂಗ್ ಕೊಡುವ ಯಂತ್ರ ಹೇಗೆ ನಡೆಯುತ್ತದೆಂದು ಕೆಲಸಗಾರರಿಗೆ ತಿಳಿಸಬೇಕು ಎಂಬುದೂ ಅದರಲ್ಲಿದೆ. 2021ರ ಆ ಯುವಕನಿಗೆ ಅಮಾನತಿನ ಕಾಲದ ಸಂಪಾದನೆ ಸಿಕ್ಕದ್ದು ಸ್ಥಾಪಕರ ದೊಡ್ಡ ಮನಸ್ಸಿನಿಂದ, ಅದೂ ದೇಶವೆಲ್ಲ ನೋಡುತ್ತಿದ್ದಾಗ. ಯಾರೂ ವಿಡಿಯೊ ಮಾಡದ ಜಗಳಗಳಲ್ಲಿ ಸಿಕ್ಕಿಕೊಂಡವರಿಗೆ ಹಕ್ಕಾಗಿ ಏನಾದರೂ ಸಿಗುವುದಿದ್ದರೆ ಇಂಥ ಕಾಯ್ದೆಯಿಂದಲೇ ಸಿಗಬೇಕು. ಬಾಗಿಲ ಬಳಿ ಕಾದ ನಿಮಿಷಗಳ ಮಾತಿಗೆ ಕಾಯ್ದೆ ಹೋಗಿಲ್ಲ. ಹೋಗುವುದು ಕಷ್ಟವೂ ಹೌದು.

ಕಷ್ಟ, ಆದರೆ ಅಸಾಧ್ಯವಲ್ಲ ಎಂದು ನನಗೆ ಹೊಳೆದದ್ದು ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ. ಅಲ್ಲಿಯೂ ದಿನಬೆಳಗಾದರೆ ಮಾಲು ಬರುತ್ತದೆ. ಸರಳು, ಎರಕದ ತುಂಡು, ಬೇರಿಂಗು, ರಟ್ಟಿನ ಪೆಟ್ಟಿಗೆ. ತಡವಾಗಿ ಬರುತ್ತದೆ, ಒಡೆದು ಬರುತ್ತದೆ, ಎಣಿಕೆಯಲ್ಲಿ ಕಡಿಮೆ ಬರುತ್ತದೆ. ಮಷೀನ್ ಶಾಪಿನಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಪರಿಚಿತರೊಬ್ಬರನ್ನು ಕೇಳಿದೆ: ಒಡೆದ ಮಾಲು ಬಂದರೆ ಡ್ರೈವರ್‌ಗೆ ಬೈಯುತ್ತೀರಾ?

"ಅವನಿಗ್ಯಾಕೆ ಸಾರ್ ಬೈಯೋದು? ಸೀಲ್ ಹಾಕಿರೋ ಡಬ್ಬದೊಳಗೆ ಏನೈತೆ ಅಂತ ಅವನಿಗೇನು ಗೊತ್ತು? ಡಿಸಿ ಹಿಂದೆ 'ಎರಡು ಪೀಸ್ ಡ್ಯಾಮೇಜ್' ಅಂತ ಬರೀತೀನಿ, ಅವನೂ ಸೈನ್ ಮಾಡ್ತಾನೆ, ನಾನೂ ಮಾಡ್ತೀನಿ. ಆಮೇಲೆ ಪಾರ್ಟಿಗೆ ಫೋನ್ ಹಾಕಿ ಅವರ ಜೊತೆ ಕಿತ್ತಾಡ್ತೀನಿ."

ಡಿಸಿ ಎಂದರೆ ಡೆಲಿವರಿ ಚಲನ್, ಮಾಲಿನ ಜೊತೆ ಬರುವ ಚೀಟಿ. ಆ ಚೀಟಿಯ ಹಿಂಬದಿಯಲ್ಲಿ ಡ್ರೈವರ್ ಆರೋಪಿಯಲ್ಲ, ಸಾಕ್ಷಿ. ಅದಕ್ಕೆ ಸಹಿ ಬೀಳುತ್ತಲೇ ಜಗಳ ಗೇಟು ದಾಟಿ ಮಾಲು ಕಳಿಸಿದವರ ಆಫೀಸಿಗೆ ಹೋಗಿಬಿಡುತ್ತದೆ, ಡ್ರೈವರ್ ತನ್ನ ಪಾಡಿಗೆ ಹೋಗುತ್ತಾನೆ. ಮನೆ ಬಾಗಿಲಿಗೆ ಬರುವ ಪೊಟ್ಟಣಕ್ಕೆ ಇಂಥ ಹಿಂಬದಿಯಿಲ್ಲ. ಇರುವುದು ಒಂದು ಓಟಿಪಿ, ಅದು ತಲುಪಿತು ಎಂದು ಹೇಳಬಲ್ಲದು, ಹೇಗೆ ತಲುಪಿತು ಎಂದು ಹೇಳಲಾರದು. ತಡ, ಒಡಕು, ತಪ್ಪು ಮಾಲು ಇವನ್ನು ತಂದವರ ಎದುರಿಗೇ, ಅವರ ಸ್ಟಾರ್‌ಗೆ ತಾಗದ ಹಾಗೆ, ಎರಡು ಗುಂಡಿ ಒತ್ತಿ ದಾಖಲಿಸಿ ಅವರನ್ನು ಕಳಿಸಿಬಿಡುವ ಏರ್ಪಾಡಿದ್ದಿದ್ದರೆ, ಮಾರ್ಚ್ 9ರ ಮಧ್ಯಾಹ್ನ ಆ ಯುವಕ ಬಾಗಿಲಲ್ಲಿ ನಿಲ್ಲಬೇಕಾದ ಅಗತ್ಯವೇ ಇರಲಿಲ್ಲ. ಅಂಥ ಏರ್ಪಾಡು ಬರುವ ತನಕ ಕೆಲಸದ ಕ್ರಮವನ್ನಾದರೂ ನಾವು ತಿರುಗಿಸಬಹುದು: ಬಂದವರನ್ನು ಮೊದಲು ಕಳಿಸಿಬಿಡುವುದು, ಬೇಕಿದ್ದರೆ ಪೊಟ್ಟಣದ ಫೋಟೊ ತೆಗೆದುಕೊಂಡು, ಆಮೇಲೆ ಕಂಪನಿಯ ಜೊತೆ ಎಷ್ಟು ಹೊತ್ತಾದರೂ ಕಾದಾಡುವುದು.

ಮಾಲು ಇಳಿಸುವಾಗ ಡ್ರೈವರ್‌ಗೆ ಚಹಾ ಕೊಡಿಸುವ ರೂಢಿ ನಿಮ್ಮಲ್ಲಿದೆಯಲ್ಲ, ಅದು ಹೇಗೆ ಬಂತು ಎಂದು ಸ್ಟೋರ್ಸಿನವರನ್ನು ಕೇಳಿದೆ. ನಕ್ಕರು. ಚಹಾ ಸರಿ ಸಾರ್, ಅದಕ್ಕಿಂತ ಮುಖ್ಯ ಬೇಗ ಇಳಿಸಿ ಕಳಿಸೋದು ಎಂದರು.

"ಗಾಡಿ ನಿಲ್ಲಿಸ್ಕೊಂಡ್ರೆ ಹಾಲ್ಟಿಂಗ್ ಚಾರ್ಜ್ ಹಾಕ್ತಾರೆ. ಬಿಲ್ಲು ಬಂದ್ರೆ ನಮ್ ಅಕೌಂಟ್ಸ್ ಮೇಡಂ ನನ್ನೇ ಹಿಡ್ಕೊಂತಾರೆ."